ಮಾತನಾಡುವ ದೇವರು, ಆಲಿಸುವ ಧರ್ಮಸಭೆ

ನಮ್ಮ ವಿಶ್ವಾಸದ ಬೋಧನೆಗಳೆಲ್ಲ ಎಲ್ಲಿಂದ ಬಂದವು ಎಂದು ಜ್ಞಾನೋಪದೇಶದ ತರಗತಿಗೆ ಹೋಗುವ ನಿಮ್ಮ ಮಗು ಕೇಳಿದರೆ ಏನು ಉತ್ತರ ಕೊಡುವಿರಿ? ಬೈಬಲ್‌ನಿಂದ ಎನ್ನುವಿರಿ. ಹಾಗಾದರೆ ಆಗಸ್ಟ್ 15ರಂದು ನಾವು ಆಚರಿಸುವ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಬೈಬಲ್‌ನ ಯಾವ ಪುಟದಲ್ಲಿದೆ ಎಂದು ಅದು ಮರುಪ್ರಶ್ನೆ ಹಾಕಿದರೆ, ಅದು ಪರಂಪರೆಯಿಂದ ಬಂದದ್ದು ಎಂದು ಹೇಳಿ ಮಾತು ಮುಗಿಸುವಿರಿ. ಹೀಗೆ ನಮ್ಮಲ್ಲಿ ಬಹುಮಂದಿಯ ಮನಸ್ಸಿನಲ್ಲಿ ಎರಡು ಬಾವಿಗಳ ಚಿತ್ರವೊಂದು ನೆಲೆಯೂರಿದೆ. ಒಂದರಲ್ಲಿ ನೀರು ಸಾಲದಿದ್ದರೆ ಇನ್ನೊಂದರಿಂದ ಸೇದಿಕೊಳ್ಳುವುದು! ಈ ಚಿತ್ರವನ್ನು ತಿದ್ದಲು ಹೊರಟ ದಸ್ತಾವೇಜು ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ದೇಯಿ ವೆರ್ಬುಂ', ಅಂದರೆ 'ದೇವರ ವಾಕ್ಯ'. ಆರು ಅಧ್ಯಾಯ, 26 ಪರಿಚ್ಛೇದಗಳ ಕಿರುಹೊತ್ತಿಗೆ ಅದು. ಅದನ್ನು ನಾವು ಹೊಗಳಿದಷ್ಟು ಓದಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಅದರ ಹುಟ್ಟು ಸುಗಮವಾಗಿರಲಿಲ್ಲ. 1962ರ ನವೆಂಬರ್ 14ರಂದು ಮಹಾಸಭೆಯ ಮುಂದೆ ಬಂದ ಮೊದಲ ಕರಡಿನ ಹೆಸರು 'ಪ್ರಕಟಣೆಯ ಮೂಲಗಳು'. ಈ ಬಹುವಚನದಲ್ಲೇ ಎರಡು ಬಾವಿಗಳಿದ್ದವು. ನವೆಂಬರ್ 20ರಂದು ಮತದಾನ ನಡೆದಾಗ, ಚರ್ಚೆಯನ್ನು ನಿಲ್ಲಿಸಬೇಕೆಂದವರು 1368 ಮಂದಿ, ಮುಂದುವರಿಸಬೇಕೆಂದವರು 822 ಮಂದಿ. ನಿಲ್ಲಿಸುವುದಕ್ಕೆ ಮೂರನೆಯ ಎರಡು ಭಾಗದ ಬಹುಮತ ಬೇಕಿತ್ತು; ಸುಮಾರು ನೂರು ಮತಗಳು ಕಡಿಮೆಯಾದವು. ಬಹುಸಂಖ್ಯಾತ ಧರ್ಮಾಧ್ಯಕ್ಷರಿಗೆ ಬೇಡವಾದ ಕರಡೇ ನಿಯಮದ ಬಲದಿಂದ ಉಳಿಯುವಂತಾಯಿತು. ಮರುದಿನವೇ ಜಗದ್ಗುರು ಇಪ್ಪತ್ತಮೂರನೆಯ ಜಾನ್ ಅವರು ಮಧ್ಯೆ ಪ್ರವೇಶಿಸಿ ಅದನ್ನು ಹಿಂತೆಗೆದುಕೊಂಡು, ಪರಸ್ಪರ ಭಿನ್ನ ನಿಲುವಿನ ಕಾರ್ಡಿನಲ್ ಒಟ್ಟಾವಿಯಾನಿ ಮತ್ತು ಕಾರ್ಡಿನಲ್ ಬೆಯಾ ಅವರ ಜಂಟಿ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ರಚಿಸಿದರು. ಮೂರು ವರ್ಷಗಳ ತರುವಾಯ, 1965ರ ನವೆಂಬರ್ 18ರಂದು, ಅದೇ ಮಹಾಸಭೆ 2344 ಮತಗಳಿಂದ ಹೊಸ ಪಠ್ಯವನ್ನು ಅಂಗೀಕರಿಸಿತು. ವಿರೋಧಿಸಿದವರು ಆರೇ ಜನ.

ಆ ಮೂರು ವರ್ಷಗಳಲ್ಲಿ ಬದಲಾದದ್ದೇನು? ಎರಡನೆಯ ಪರಿಚ್ಛೇದವನ್ನು ಓದಿ ನೋಡಿ. ಅಲ್ಲಿ ಪ್ರಕಟಣೆ ಎಂದರೆ ಮೇಲಿನಿಂದ ಇಳಿದುಬಂದ ಸತ್ಯಗಳ ಪಟ್ಟಿ ಎಂಬ ಭಾವನೆ ಹಿಂದೆ ಸರಿದಿದೆ. ಕಾಣದ ದೇವರು ಮಾನವರನ್ನು ಮಿತ್ರರೆಂದು ಭಾವಿಸಿ ಅವರೊಡನೆ ಮಾತನಾಡುತ್ತಾರೆ. ತಮ್ಮ ಸಹವಾಸಕ್ಕೆ ಅವರನ್ನು ಕರೆಯುತ್ತಾರೆ. ಮೋಶೆಯೊಡನೆ ಗೆಳೆಯನಂತೆ ಮಾತನಾಡಿದ ದೇವರು (ವಿಮೋಚನಾಕಾಂಡ 33:11), ಶಿಷ್ಯರನ್ನು ಸ್ನೇಹಿತರೆಂದು ಕರೆದ ಪ್ರಭು (ಯೊವಾನ್ನ 15:15), ಇವರೇ ಆ ಪರಿಚ್ಛೇದದ ಉಸಿರು. ಆ ಮಾತು ಬರಿಯ ಮಾತೂ ಅಲ್ಲ. ಕಾರ್ಯವೂ ವಾಕ್ಯವೂ ಒಂದರೊಡನೊಂದು ಹೆಣೆದುಕೊಂಡಿವೆ: ಈಜಿಪ್ಟಿನಿಂದ ಬಿಡುಗಡೆ ಒಂದು ಕಾರ್ಯ, ಅದರ ಅರ್ಥವನ್ನು ಬಿಡಿಸಿದ್ದು ಪ್ರವಾದಿಗಳ ವಾಕ್ಯ. ಎರಡೂ ಕ್ರಿಸ್ತರಲ್ಲಿ ಪೂರ್ಣಗೊಂಡವು. ಆದ್ದರಿಂದ ನಮ್ಮ ಬೋಧನೆಯ ಮೂಲ ಒಬ್ಬ ವ್ಯಕ್ತಿಯೇ ಹೊರತು ಒಂದು ಗ್ರಂಥವಲ್ಲ. ಗ್ರಂಥವೂ ಪರಂಪರೆಯೂ ಆ ವ್ಯಕ್ತಿಯಿಂದ ಹೊರಟು ಒಂದೇ ಗುರಿಯತ್ತ ಹರಿಯುವ ನೀರು ಎಂಬುದು ಒಂಬತ್ತನೆಯ ಪರಿಚ್ಛೇದದ ಸಾರ. ಮಗುವಿಗೆ ನಾವು ಹೇಳಬೇಕಾಗಿದ್ದ ಉತ್ತರ ಇದೇ.

ಇಷ್ಟಾದರೂ ಪಠ್ಯದಲ್ಲಿ ಹೊಲಿಗೆ ಎದ್ದುಕಾಣುವ ಜಾಗಗಳಿವೆ. ಪ್ರಕಟವಾದ ಎಲ್ಲ ವಿಷಯಗಳ ಬಗೆಗಿನ ನಿಶ್ಚಯವನ್ನು ಧರ್ಮಸಭೆ ಪವಿತ್ರ ಗ್ರಂಥವೊಂದರಿಂದಲೇ ಪಡೆಯುವುದಿಲ್ಲ ಎಂಬ ಮಾತು ಅದೇ ಒಂಬತ್ತನೆಯ ಪರಿಚ್ಛೇದದಲ್ಲಿದೆ. ಇದು ಕೊನೆಯ ಗಳಿಗೆಯಲ್ಲಿ, 1965ರ ಅಕ್ಟೋಬರ್‌ನಲ್ಲಿ, ಜಗದ್ಗುರು ಆರನೆಯ ಪೌಲರ ಇಚ್ಛೆಯ ಮೇರೆಗೆ ಸೇರಿದ್ದು. ಹಳೆಯ ಕರಡಿನ ಪಕ್ಷದವರಿಗೆ ಇದರಿಂದ ಸಮಾಧಾನವಾಯಿತು. ಆದರೆ ಜಾಣ್ಮೆ ಗಮನಿಸಿ: ನಿಶ್ಚಯ ಎಂದಿದೆಯೇ ವಿನಾ, ಸತ್ಯಗಳಲ್ಲಿ ಕೆಲವು ಇಲ್ಲಿ, ಕೆಲವು ಅಲ್ಲಿ ಎಂದಿಲ್ಲ. 1546ರ ಏಪ್ರಿಲ್ 8ರ ಟ್ರೆಂಟ್ ಮಹಾಸಭೆಯ ತೀರ್ಪಿನಲ್ಲೂ ಇಂಥದೇ ಎಚ್ಚರವಿತ್ತು. ಕರಡಿನಲ್ಲಿದ್ದ 'ಭಾಗಶಃ ಗ್ರಂಥದಲ್ಲಿ, ಭಾಗಶಃ ಪರಂಪರೆಯಲ್ಲಿ' ಎಂಬರ್ಥದ ಪದಗಳನ್ನು ತೆಗೆದು 'ಮತ್ತು' ಎಂಬುದನ್ನು ಇಟ್ಟರು. ಏಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನಗಂತೂ ಆ ಒಂದು 'ಮತ್ತು' ಪವಿತ್ರಾತ್ಮರ ಕೃಪೆಯಂತೆಯೇ ತೋರುತ್ತದೆ.

ನನ್ನ ನಿಜವಾದ ತಕರಾರು ಎಂಟನೆಯ ಪರಿಚ್ಛೇದದ ಬಗ್ಗೆ. ಪರಂಪರೆ ಎಂದರೆ ಧರ್ಮಸಭೆ ತನ್ನ ಬೋಧನೆ, ಬದುಕು, ಆರಾಧನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಎಲ್ಲವೂ ಎನ್ನುತ್ತದೆ ಅದು. ಎಲ್ಲವೂ? ಶಿಕಾಗೋದ ಕಾರ್ಡಿನಲ್ ಆಲ್ಬರ್ಟ್ ಮೆಯರ್ ಅವರು 1964ರ ಸೆಪ್ಟೆಂಬರ್ 30ರಂದು ಸಭೆಯಲ್ಲೇ ಈ ಪ್ರಶ್ನೆ ಎತ್ತಿದರು. ಧರ್ಮಸಭೆಯಲ್ಲಿ ರೂಢಿಯಲ್ಲಿರುವುದೆಲ್ಲ ನೈಜ ಪರಂಪರೆಯಲ್ಲ. ಮಾನವ ದೌರ್ಬಲ್ಯದಿಂದ ವಿಕಾರಗಳೂ ಸೇರಿಕೊಳ್ಳುತ್ತವೆ. ಅವನ್ನು ಅಳೆಯುವ ಕೋಲು ಪವಿತ್ರ ಗ್ರಂಥವಾಗಬೇಕು ಎಂಬುದು ಅವರ ವಾದ. ಅದು ಪಠ್ಯದಲ್ಲಿ ಸೇರಲಿಲ್ಲ. 1965ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಈ ಕೊರತೆಯನ್ನು ಮುಂದೆ ತಮ್ಮ ವ್ಯಾಖ್ಯಾನದಲ್ಲಿ ವಿಷಾದದಿಂದ ಗುರುತಿಸಿದವರು ಮಹಾಸಭೆಯಲ್ಲಿ ತಜ್ಞರಾಗಿದ್ದ ಯೋಸೆಫ್ ರಾಟ್ಸಿಂಗರ್, ಅಂದರೆ ನಂತರದ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು. ಬೋಧನಾಧಿಕಾರವು ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವಕ ಎಂದು ಹತ್ತನೆಯ ಪರಿಚ್ಛೇದ ಸಾರುತ್ತದೆ, ನಿಜ. ರೂಢಿಗಳೂ ಅದೇ ವಾಕ್ಯಕ್ಕೆ ತಲೆಬಾಗಬೇಕು ಎಂದು ಒಂದು ಸಾಲು ಸೇರಿದ್ದರೆ, ಹಬ್ಬದ ಆಡಂಬರದ ಬಗ್ಗೆಯೋ ದೇವಾಲಯದೊಳಗೂ ನುಸುಳುವ ಜಾತಿಭೇದದ ಬಗ್ಗೆಯೋ ಪ್ರಶ್ನಿಸುವವರಿಗೆ "ಹಿಂದಿನಿಂದ ನಡೆದುಬಂದದ್ದು" ಎಂಬ ಉತ್ತರ ಅಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ.

ನಾಲ್ಕನೆಯ ಪರಿಚ್ಛೇದದ ಬಗ್ಗೆ ಹೇಳದಿದ್ದರೆ ಈ ಓದು ಅಪೂರ್ಣ. ಪ್ರಭು ಮಹಿಮೆಯಲ್ಲಿ ಮರಳಿ ಬರುವವರೆಗೆ ಹೊಸ ಸಾರ್ವಜನಿಕ ಪ್ರಕಟಣೆಯನ್ನು ನಿರೀಕ್ಷಿಸುವಂತಿಲ್ಲ ಎನ್ನುತ್ತದೆ ಅದು. ನಿಮ್ಮ ಮೊಬೈಲಿಗೆ ಬರುವ ಸಂದೇಶಗಳನ್ನು ನೆನೆದುಕೊಳ್ಳಿ: ಇಂಥ ದಿನ ಕತ್ತಲೆ ಕವಿಯುವುದಂತೆ, ಇಂಥವರಿಗೆ ದರ್ಶನವಾಯಿತಂತೆ, ಇಷ್ಟು ಜನರಿಗೆ ಕಳುಹಿಸದಿದ್ದರೆ ಕೇಡಂತೆ! ಭಯಪಟ್ಟು ಮುಂದಕ್ಕೆ ಕಳುಹಿಸಿದ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಧರ್ಮಸಭೆ ಮಾನ್ಯ ಮಾಡಿದ ಖಾಸಗಿ ಪ್ರಕಟಣೆಗಳೂ ವಿಶ್ವಾಸದ ನಿಧಿಗೆ ಸೇರಿದವಲ್ಲ ಎಂದು 1992ರ ಧರ್ಮೋಪದೇಶ ಗ್ರಂಥ (67) ಸ್ಪಷ್ಟಪಡಿಸಿದೆ. ಲೂರ್ದು, ಫಾತಿಮಾಗಳ ಕರೆ ಕ್ರಿಸ್ತರ ಮಾತನ್ನು ಬಾಳಲು ನೆರವು ಮಾತ್ರ. ಹದಿನಾರನೆಯ ಶತಮಾನದಲ್ಲೇ ಶಿಲುಬೆಯ ಸಂತ ಯೊವಾನ್ನರು ಹೇಳಿದ್ದರು: ದೇವರು ತಮ್ಮ ಪುತ್ರನಲ್ಲಿ ಎಲ್ಲವನ್ನೂ ಆಡಿ ಮುಗಿಸಿರುವಾಗ, ಹೊಸ ದರ್ಶನ ಬೇಡುವವನು ಆ ಪುತ್ರನಿಂದ ಕಣ್ಣು ತೆಗೆದಂತೆ. ಹೆಬ್ರಿಯರಿಗೆ ಬರೆದ ಪತ್ರದ ಮೊದಲೆರಡು ವಚನಗಳೇ ಇದಕ್ಕೆ ಆಧಾರ.

ಓದಬಯಸುವವರು ಆರನೆಯ ಅಧ್ಯಾಯದಿಂದ ಆರಂಭಿಸಬಹುದು. ದೇವರ ವಾಕ್ಯ ಮತ್ತು ಕ್ರಿಸ್ತರ ಶರೀರ ಎರಡನ್ನೂ ಬಡಿಸುವ ಮೇಜಿನ ಮಾತು ಅಲ್ಲಿದೆ. ಪವಿತ್ರ ಗ್ರಂಥ ಎಲ್ಲ ವಿಶ್ವಾಸಿಗಳ ಕೈಗೆಟುಕಬೇಕೆಂಬ ಅಪೇಕ್ಷೆಯೂ ಇದೆ. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯಕ್ಕೆ ಮೀಸಲಿಟ್ಟದ್ದು ಈ ಅಧ್ಯಾಯದ ಫಲವೇ. ಆಮೇಲೆ ಮೊದಲ ಅಧ್ಯಾಯಕ್ಕೆ ಬನ್ನಿ. ಎರಡನೆಯದು ಕಠಿಣ, ಅದನ್ನು ಕೊನೆಗೆ ಇಟ್ಟುಕೊಂಡು, ಧರ್ಮಕೇಂದ್ರದ ಗುರುಗಳೊಡನೆ ಒಂದು ಸಂಜೆ ಕುಳಿತು ಓದುವುದು ಲೇಸು. ಕಾರ್ಡಿನಲ್ ಮೆಯರ್ ಅವರ ಪ್ರಶ್ನೆಯನ್ನೂ ಅವರ ಮುಂದಿಡಿ.