ಮುಂದಿನ ಸಾಲಿನ ಕುರ್ಚಿಗಳು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಸ್ಮರಣ ಸಂಚಿಕೆಯೊಂದು ಸಿಕ್ಕಿತು. ನಮ್ಮೂರಿನ ಮಹಿಳಾ ಸೇವಾ ಪ್ರತಿಷ್ಠಾನವೊಂದರ ಬೆಳ್ಳಿಹಬ್ಬಕ್ಕೆಂದು ಹೊರತಂದದ್ದು. ಪ್ರತಿಷ್ಠಾನದ ಹೆಸರು ಬೇಡ. ನಿಮ್ಮೂರಿನಲ್ಲೂ ಅಂಥದೊಂದು ಇದ್ದೇ ಇರುತ್ತದೆ. ಅದನ್ನೇ ನೆನೆದುಕೊಂಡು ಓದಿದರೂ ಅಡ್ಡಿಯಿಲ್ಲ.

ಪೊರಕೆ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೇ ಕುಳಿತು ಪುಟ ತಿರುಗಿಸಿದೆ. ಮೊದಲಿಗೆ ಶುಭ ಸಂದೇಶಗಳು. ಆಮೇಲೆ ಸೀರೆ ಅಂಗಡಿ, ಚಿನ್ನದಂಗಡಿ, ಅಕ್ಕಿ ಗಿರಣಿಗಳ ಜಾಹೀರಾತು. ನಡುಪುಟದಲ್ಲಿ ಬಣ್ಣದ ಗ್ರೂಪ್ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ಕಾರ್ಯಕಾರಿ ಸಮಿತಿ’ ಎಂದಿದೆ. ಮುಂದಿನ ಸಾಲಿನಲ್ಲಿ ಕುರ್ಚಿಗಳು, ಹಿಂದಿನ ಸಾಲಿನಲ್ಲಿ ನಿಂತವರು. ನಾನು ಹಿಂದಿನ ಸಾಲಿನ ಎಡತುದಿಯಲ್ಲಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇನೆ. ಆಗ ನಾನು ಅದರ ಸಹಕಾರ್ಯದರ್ಶಿ.

ಆ ಮುಂದಿನ ಸಾಲನ್ನು ಇಷ್ಟು ವರ್ಷಗಳ ಮೇಲೆ ಮತ್ತೆ ನೋಡಿದಾಗ ಒಂದು ಸಂಗತಿ ಹೊಳೆಯಿತು. ಅಲ್ಲಿ ಕುಳಿತವರಲ್ಲಿ ಒಬ್ಬರೂ ತಮ್ಮ ಕಾರಣಕ್ಕೆ ಅಲ್ಲಿ ಕುಳಿತವರಲ್ಲ. ಗೌರವಾಧ್ಯಕ್ಷೆ ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರ ಪತ್ನಿ. ಸಾಹೇಬರಿಗೆ ವರ್ಗವಾದರೆ ನಮ್ಮ ಗೌರವಾಧ್ಯಕ್ಷೆಗೂ ವರ್ಗ. ಹೊಸ ಸಾಹೇಬರ ಮನೆಯವರು ಸಾಮಾನು ಇಳಿಸುವಷ್ಟರಲ್ಲಿ ನಾವು ಹೂಗುಚ್ಛ ಹಿಡಿದು ಗೇಟಿನಲ್ಲಿರುತ್ತಿದ್ದೆವು. ಅಧ್ಯಕ್ಷೆ ಗಿರಣಿ ಮಾಲೀಕರ ಪತ್ನಿ. ಖಜಾಂಚಿ ಬ್ಯಾಂಕ್ ಮ್ಯಾನೇಜರರ ಪತ್ನಿ. ಲೆಕ್ಕ ಬರುತ್ತದೆಂದಲ್ಲ, ಬ್ಯಾಂಕಿನ ಕೆಲಸ ಸಲೀಸಾಗುತ್ತದೆಂದು. ಇನ್ನು ನಾನು? ಕಾಲೇಜು ಮೇಷ್ಟರ ಹೆಂಡತಿ, ಅಕ್ಷರ ದುಂಡಗಿದೆ, ನಡಾವಳಿ ಪುಸ್ತಕ ಬರೆಯಬಲ್ಲೆ. ನನ್ನ ಅರ್ಹತೆಯೂ ಅಷ್ಟೇ. ಹಾಗಾಗಿ ಇಲ್ಲಿ ಯಾರನ್ನು ಆಡಿದರೂ ನನ್ನನ್ನು ಸೇರಿಸಿಯೇ ಆಡಿದ ಹಾಗೆ.

ಫೋಟೋದಲ್ಲಿ ಇಲ್ಲದವರು ಒಬ್ಬರಿದ್ದರು. ನಮ್ಮ ಹೊಲಿಗೆ ತರಗತಿಯ ಟೀಚರು. ಪ್ರತಿಷ್ಠಾನದ ಬಾಗಿಲು ಬೆಳಿಗ್ಗೆ ತೆಗೆಯುವವರು, ಸಂಜೆ ಹಾಕುವವರು ಅವರೇ. ಯಾವ ಹುಡುಗಿಯ ಅಪ್ಪ ಕುಡಿಯುತ್ತಾನೆ, ಯಾವಳು ಬೆಳಿಗ್ಗೆ ತಿಂಡಿಯಿಲ್ಲದೆ ಬರುತ್ತಾಳೆ, ಯಾವಳಿಗೆ ಓದು ಮುಂದುವರಿಸುವ ಆಸೆ, ಎಲ್ಲ ಅವರಿಗೆ ಗೊತ್ತಿತ್ತು. ಆ ದಿನ ನಮ್ಮ ಸೀರೆಗಳ ನೆರಿಗೆ ಸರಿಮಾಡಿ ಅವರು ಫೋಟೋಗ್ರಾಫರನ ಬೆನ್ನ ಹಿಂದೆ ಹೋಗಿ ನಿಂತರು. ಬನ್ನಿ ಎಂದು ಯಾರೂ ಕರೆಯಲಿಲ್ಲ. ಕರೆಯಬೇಕೆಂದು ನನಗೂ ತೋಚಲಿಲ್ಲ.

ಫೋಟೋದ ನಂತರ ವಾರ್ಷಿಕ ವರದಿಗಳಿವೆ. ಬರೆದವಳು ನಾನೇ. ಈಗ ಓದಿದರೆ ಮುಜುಗರ. ಪ್ರತಿ ವಾಕ್ಯವೂ ‘ವಿತರಿಸಲಾಯಿತು’, ‘ಸನ್ಮಾನಿಸಲಾಯಿತು’, ‘ನೀಡಲಾಯಿತು’ ಎಂದೇ ಮುಗಿಯುತ್ತದೆ. ಮುಖ್ಯ ಅತಿಥಿಗಳ ಹೆಸರು, ಪದವಿ, ಬಿರುದುಗಳಿಗೆ ಮೂರು ಸಾಲು. ಪಡೆದವರಿಗೆ ಎರಡೇ ಶಬ್ದ, ‘ಬಡ ವಿದ್ಯಾರ್ಥಿನಿಯರು’. ಅವರಿಗೆ ಹೆಸರೇ ಇರಲಿಲ್ಲವೇ? ಕೊಟ್ಟವರಿಗೆ ಮಾತ್ರ ಹೆಸರು, ಪಡೆದವರಿಗೆ ಬರೀ ಗುಂಪು. ವರದಿಯ ಭಾಷೆಯಲ್ಲೇ ಸಂಸ್ಥೆಯ ಮನಸ್ಸು ಗೊತ್ತಾಗುತ್ತದೆ.

ಒಂದು ವರ್ಷದ ವರದಿಯ ಕೊನೆಯಲ್ಲಿ, ವಿದ್ಯಾರ್ಥಿವೇತನದ ಪಟ್ಟಿಯ ಕೆಳಗೆ, ‘ಒಬ್ಬರು ಗೈರುಹಾಜರು’ ಎಂದಿದೆ. ಅಲ್ಲಿ ಪುಟ ತಿರುಗಿಸಲು ನನ್ನಿಂದ ಆಗಲಿಲ್ಲ.

ಆ ವರ್ಷ ಚೆಕ್ಕುಗಳು ಸಹಿಯಾಗಿ ಖಜಾಂಚಿಯವರ ಬೀರುವಿನಲ್ಲಿದ್ದವು. ಸಮಾರಂಭವಿಲ್ಲದೆ ಚೆಕ್ಕು ಕೊಡುವುದುಂಟೆ? ಮುಖ್ಯ ಅತಿಥಿಗಳ ದಿನಾಂಕ ಸಿಗದೆ ಸಮಾರಂಭ ಎರಡು ಸಲ ಮುಂದೆ ಹೋಯಿತು. ಒಂದು ಸಂಜೆ ಹೊಲಿಗೆ ಟೀಚರು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, “ಅಕ್ಕಾ, ಆ ಹುಡುಗಿಗೆ ನರ್ಸಿಂಗ್ ಸೀಟು ಸಿಕ್ಕಿದೆ. ಫೀಸು ಕಟ್ಟೋಕೆ ಸೋಮವಾರವೇ ಕೊನೆ ದಿನ. ನಮ್ಮ ದುಡ್ಡು ನಂಬ್ಕೊಂಡು ಕೂತಿದಾರೆ” ಎಂದರು. “ಮೀಟಿಂಗಿನಲ್ಲಿ ಹೇಳ್ತೀನಿ” ಎಂದೆ.

ಮೀಟಿಂಗು ಶನಿವಾರ ನಡೆಯಿತು. ಒಂದೂವರೆ ಗಂಟೆ ಚರ್ಚೆಯಾದದ್ದು ನೆನಪಿನ ಕಾಣಿಕೆ ಗಂಧದ್ದಿರಬೇಕೋ ಬೆಳ್ಳಿಯದ್ದಿರಬೇಕೋ ಎಂದು. ನಡುವೆ ಬಾಯಿ ಹಾಕಲು ನನಗೆ ಸಂಕೋಚ. ಅಧ್ಯಕ್ಷೆಯವರ ಮಾತು ಮುಗಿಯಲಿ ಎಂದು ಕಾದೆ. ಮುಗಿಯುವಷ್ಟರಲ್ಲಿ ಉಪ್ಪಿಟ್ಟು, ಕೇಸರಿಬಾತು ಬಂತು. ಆಮೇಲೆ ಎಲ್ಲರಿಗೂ ಮನೆಗೆ ಹೋಗುವ ಅವಸರ.

ಸಮಾರಂಭ ಮೂರು ವಾರ ತಡವಾಗಿ, ಬಹಳ ಚೆನ್ನಾಗಿಯೇ ಆಯಿತು. ಮೈಕಿನಲ್ಲಿ ಆ ಹುಡುಗಿಯ ಹೆಸರು ಕೂಗಿದರು. ಎರಡನೆಯ ಸಲ ಕೂಗಿದರು. ಯಾರೂ ಬರಲಿಲ್ಲ. ಸೀಟು ಕೈತಪ್ಪಿ, ಅವಳು ಅಷ್ಟರಲ್ಲಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಸೇರಿ ಹದಿನೈದು ದಿನವಾಗಿತ್ತು. ನಾನು ದುಂಡಗಿನ ಅಕ್ಷರದಲ್ಲಿ ‘ಒಬ್ಬರು ಗೈರುಹಾಜರು’ ಎಂದು ಬರೆದೆ.

ಟೀಚರು ನನ್ನನ್ನು ಬೈಯಲಿಲ್ಲ. ಶಾಮಿಯಾನ ಬಿಚ್ಚುತ್ತಿದ್ದಾಗ ಒಂದೇ ಮಾತು ಹೇಳಿದರು: “ನಾನೊಬ್ಳು ಒಳಗೆ ಕೂತಿದ್ದಿದ್ರೆ ಬಾಯಿಬಿಟ್ಟು ಹೇಳ್ತಿದ್ದೆ ಅಕ್ಕಾ.”

ಅಂದಿನಿಂದ ಮಹಿಳಾ ಸಂಸ್ಥೆಗಳ ಬಗ್ಗೆ ಏನು ಸಿಕ್ಕಿದರೂ ನಾನು ಮೊದಲು ಹುಡುಕುವುದು ಒಂದನ್ನೇ: ಒಳಗೆ ಕುಳಿತವರು ಯಾರು?

ಈ ಕುರ್ಚಿಯ ಕಥೆ ನಮ್ಮೂರಿನದು ಮಾತ್ರವಲ್ಲ. 1927ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಮೊದಲ ಅಧಿವೇಶನ ಪುಣೆಯಲ್ಲಿ ಸೇರಿದಾಗ ಅಧ್ಯಕ್ಷ ಪೀಠದಲ್ಲಿದ್ದವರು ಬರೋಡಾದ ಮಹಾರಾಣಿ ಚಿಮಣಾಬಾಯಿ. ಮರುವರ್ಷ ಭೋಪಾಲದ ಬೇಗಂ. ಸಂಘಟನಾ ಕಾರ್ಯದರ್ಶಿಯಾಗಿ ದುಡಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಕಸ್ತೂರ್ಬಾ ಅವರು 1944ರಲ್ಲಿ ಸೆರೆಯಲ್ಲೇ ತೀರಿಕೊಂಡಾಗ ಹಳ್ಳಿಯ ಹೆಂಗಸರು ಮತ್ತು ಮಕ್ಕಳಿಗಾಗಿ ದೇಶವೆಲ್ಲ ಸೇರಿ ಒಂದು ಕೋಟಿ ರೂಪಾಯಿಗೂ ಹೆಚ್ಚು ನಿಧಿ ಕೂಡಿಸಿತು. ಆ ಟ್ರಸ್ಟಿನ ಮೊದಲ ಅಧ್ಯಕ್ಷರು ಗಾಂಧೀಜಿ, ಕಾರ್ಯದರ್ಶಿ ಠಕ್ಕರ್ ಬಾಪಾ. ಕೆಲಸವನ್ನು ಹೆಂಗಸರೇ ನಡೆಸಬೇಕೆಂಬುದು ಗಾಂಧೀಜಿಯ ಹಠ, ನಿಜ. ಆದರೂ ಬಾ ಹೆಸರಿನ ಪೆಟ್ಟಿಗೆಯ ಬೀಗದ ಕೈ ಮೊದಲು ಇದ್ದದ್ದು ಗಂಡಸರ ಕೈಯಲ್ಲಿ. ಇವೆಲ್ಲ ದೊಡ್ಡ ಸಂಸ್ಥೆಗಳು. ದೊಡ್ಡ ಕೆಲಸವನ್ನೂ ಮಾಡಿವೆ. ರಾಣಿಯರ ಹೆಸರಿಲ್ಲದಿದ್ದರೆ ಆ ಕಾಲದಲ್ಲಿ ಎಷ್ಟೋ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಆದರೆ ಬೇರೆ ರೀತಿಯೂ ಉಂಟು. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ‘ಸೇವಾ’ ಸಂಸ್ಥೆಯನ್ನು ಕಟ್ಟಿದರು. ತಲೆಹೊರೆಯವರು, ತರಕಾರಿಯವರು, ಬೀಡಿ ಕಟ್ಟುವವರು, ಹಳೆ ಬಟ್ಟೆ ಮಾರುವವರು ಅದರ ಸದಸ್ಯೆಯರು. ಅದನ್ನು ದಾನದ ಸಂಸ್ಥೆಯಾಗಿ ಅಲ್ಲ, ಕಾರ್ಮಿಕ ಸಂಘವಾಗಿ ನೋಂದಾಯಿಸಬೇಕೆಂದು ಹೋದರೆ, ಇವರಿಗೆ ಮಾಲೀಕನೇ ಇಲ್ಲವಲ್ಲ, ಸಂಘ ಹೇಗೆ ಎಂದು ಅಧಿಕಾರಿಗಳು ತಕರಾರು ತೆಗೆದರು. ಎರಡು ವರ್ಷದ ಮೇಲೆ ಈ ಹೆಂಗಸರು ಬ್ಯಾಂಕು ಬೇಕೆಂದರು. ನಾಲ್ಕು ಸಾವಿರ ಮಂದಿ ತಲಾ 10 ರೂಪಾಯಿ ಹಾಕಿದರು. 1974ರಲ್ಲಿ ಸಹಕಾರಿ ಬ್ಯಾಂಕು ಆಯಿತು. ಸಹಿ ಬಾರದವರು ಬ್ಯಾಂಕು ಕಟ್ಟುವುದು ಹೇಗೆಂದು ಕೇಳಿದಾಗ, ಪ್ರವರ್ತಕರಾಗಿ ನಿಂತ ಹೆಂಗಸರು ರಾತ್ರಿಯಿಡೀ ಕುಳಿತು ತಮ್ಮ ತಮ್ಮ ಹೆಸರು ಬರೆಯುವುದನ್ನು ಕಲಿತರಂತೆ. ನನ್ನ ದುಂಡಗಿನ ಅಕ್ಷರಕ್ಕಿಂತ ಆ ಸೊಟ್ಟ ಸಹಿಗಳ ಬೆಲೆ ಎಷ್ಟು ಹೆಚ್ಚು ಎಂದು ಆ ಕಥೆ ಓದಿದಾಗ ಅನ್ನಿಸಿತು.

ಸೇವಾದ ಕಾರ್ಯಕಾರಿ ಸಮಿತಿಯನ್ನು ಸದಸ್ಯೆಯರ ಪ್ರತಿನಿಧಿಗಳು ಮೂರು ವರ್ಷಕ್ಕೊಮ್ಮೆ ಚುನಾಯಿಸುತ್ತಾರೆ. ಬೇರೆ ಬೇರೆ ಕಸುಬಿನವರಿಗೆ ಅದರಲ್ಲಿ ಜಾಗ. ಇಳಾ ಭಟ್ ವಕೀಲಿ ಓದಿದವರು, ಅನುಕೂಲಸ್ಥ ಮನೆತನದವರು, ಅಂದರೆ ಒಂದು ರೀತಿಯಲ್ಲಿ ನಮ್ಮ ಮುಂದಿನ ಸಾಲಿನವರೇ. ಆದರೆ ಅವರು 1996ರಲ್ಲಿ ಪ್ರಧಾನ ಕಾರ್ಯದರ್ಶಿ ಸ್ಥಾನವನ್ನು ತಾವಾಗಿ ಬಿಟ್ಟರು. ಬದುಕಿದ್ದು 2022ರವರೆಗೆ. ಬೇಕಿದ್ದರೆ ಕೊನೆಯವರೆಗೂ ಕುರ್ಚಿಯಲ್ಲಿ ಇರಬಹುದಿತ್ತು, ಬೇಡ ಎನ್ನುವವರು ಯಾರಿದ್ದರು?

ನಮ್ಮೆಲ್ಲರ ಅಡಿಗೆ ಮನೆಯಲ್ಲಿರುವ ಲಿಜ್ಜತ್ ಹಪ್ಪಳವನ್ನೇ ನೋಡಿ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು, ಮನೆಯ ತಾರಸಿಯ ಮೇಲೆ ನಾಲ್ಕು ಪ್ಯಾಕೆಟ್ಟು ಹಪ್ಪಳ ಮಾಡಿದರು. ಅವರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಸಾಲ ಕೊಟ್ಟು ದಾರಿ ತೋರಿಸಿದ ಹಿರಿಯ ಛಗನ್‌ಲಾಲ್ ಪಾರೇಖ್ ಹಾಕಿಕೊಟ್ಟ ನಿಯಮವೇ ದಾನ ತೆಗೆದುಕೊಳ್ಳಬಾರದು ಎಂಬುದು. ಅಲ್ಲಿ ಹಿಟ್ಟು ಒಯ್ದು ಹಪ್ಪಳ ಲಟ್ಟಿಸುವ ಪ್ರತಿಯೊಬ್ಬಳೂ ‘ಬೆನ್’, ಅಕ್ಕತಂಗಿ, ಪ್ರತಿಯೊಬ್ಬಳೂ ಪಾಲುದಾರಳು. ಇಪ್ಪತ್ತೊಂದು ಜನರ ಆಡಳಿತ ಸಮಿತಿಗೆ ಬರುವವರೂ ಅವರೊಳಗಿಂದಲೇ. ಹಪ್ಪಳ ಲಟ್ಟಿಸಿ ಗೊತ್ತಿಲ್ಲದವರು ಹಪ್ಪಳದ ಮಜೂರಿ ನಿರ್ಧರಿಸುವುದಿಲ್ಲ. ಮಾತು ಸಣ್ಣದು, ಆದರೆ ನಮ್ಮ ಪ್ರತಿಷ್ಠಾನದಲ್ಲಿ ಹೊಲಿಗೆ ಯಂತ್ರ ಖರೀದಿಸಿದಾಗ ಸೂಜಿಗೆ ದಾರ ಪೋಣಿಸಿ ಗೊತ್ತಿಲ್ಲದ ನಾವು ಆರು ಜನ ಅಂಗಡಿಗೆ ಹೋಗಿದ್ದೆವು!

ಇದನ್ನು ಹೇಳಿದರೆ ಗೆಳತಿಯರು ಸಿಟ್ಟಾಗುತ್ತಾರೆ. “ದುಡ್ಡು ಕೊಡುವವರು ನಾವು, ಓಡಾಡುವವರು ನಾವು. ಒಂದು ಕುರ್ಚಿ ತಪ್ಪೇನ್ರೀ?” ಎನ್ನುತ್ತಾರೆ. ತಪ್ಪಲ್ಲ. ಆ ಅಧ್ಯಕ್ಷೆ ಮೂರು ಸಲ ಸ್ವಂತ ಹಣದಿಂದ ಕಟ್ಟಡದ ಬಾಡಿಗೆ ಕಟ್ಟಿದ್ದನ್ನು ನಾನು ಕಂಡಿದ್ದೇನೆ. ಮನೆಯ ಹೊಸ್ತಿಲು ದಾಟಲು ಅನೇಕರಿಗೆ ಆ ಸಮಿತಿಯೊಂದೇ ನೆಪವಾಗಿತ್ತು, ನನಗೂ. ಸಭೆಯಲ್ಲಿ ನಾಲ್ಕು ಮಾತಾಡಲು ನಾವು ಕಲಿತದ್ದು ಅಲ್ಲಿಯೇ. ನನ್ನ ತಕರಾರು ಕೊಡುವವರು ಕುಳಿತದ್ದಕ್ಕಲ್ಲ, ಬಲ್ಲವರನ್ನು ನಿಲ್ಲಿಸಿದ್ದಕ್ಕೆ. ದುಡ್ಡು ಎಷ್ಟಿದೆ ಎಂಬುದು ಕೊಡುವವರಿಗೆ ಗೊತ್ತು. ಅದು ಯಾವ ಸೋಮವಾರದೊಳಗೆ ಬೇಕು ಎಂಬುದು ಬೇರೆಯವರಿಗೆ ಗೊತ್ತು. ಇಬ್ಬರೂ ಒಂದೇ ಮೇಜಿನ ಸುತ್ತ ಕೂರದಿದ್ದರೆ ದುಡ್ಡು ಬೀರುವಿನಲ್ಲಿರುತ್ತದೆ, ಹುಡುಗಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ.

ಇನ್ನೊಂದು ಸಂಗತಿ, ಸ್ವಲ್ಪ ಶುಷ್ಕವಾದರೂ ತಿಳಿದಿರಲಿ. ನಮ್ಮ ರಾಜ್ಯದಲ್ಲಿ 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುವ ಸಂಘಕ್ಕೆ ಸದಸ್ಯರಿರುತ್ತಾರೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಇರುತ್ತದೆ, ಅಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಟ್ರಸ್ಟು ಹಾಗಲ್ಲ. ಅದಕ್ಕೆ ಇರುವುದು ಟ್ರಸ್ಟಿಗಳು ಮತ್ತು ಒಂದು ಪತ್ರ. ಚುನಾವಣೆ, ಅವಧಿ, ನಿವೃತ್ತಿ ಆ ಪತ್ರದಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮದು ಟ್ರಸ್ಟು. ಪತ್ರವನ್ನು ನಮ್ಮಲ್ಲಿ ಬಹುಮಂದಿ ಓದಿಯೇ ಇರಲಿಲ್ಲ. ಯಾವುದೇ ಸಮಿತಿಗೆ ನಿಮ್ಮ ಹೆಸರು ಸೇರಿಸುತ್ತೇವೆಂದು ಯಾರಾದರೂ ಬಂದರೆ ಸೀರೆಯ ಬಣ್ಣ ಕೇಳುವ ಮೊದಲು ಆ ಪತ್ರ ಕೇಳಿ.

ನಾನು ಅದನ್ನು ಕೇಳಿ ಓದಿದೆ. ಇಬ್ಬರು ಕೆಲಸಗಾರ್ತಿಯರನ್ನು ಸಮಿತಿಗೆ ತೆಗೆದುಕೊಳ್ಳಲು ಅಡ್ಡಿಯೇನೂ ಇರಲಿಲ್ಲ. ಹಾಗೆಂದು ಬರೆದು ಕೊಟ್ಟೆ. ಮೂರು ಸಭೆ ಚರ್ಚೆಯಾಯಿತು. “ಸಂಬಳ ತೆಗೆದುಕೊಳ್ಳುವವರು ಹೇಗೆ ಕೂರುತ್ತಾರೆ?” ಎಂದು ಒಬ್ಬರು, “ಅವರಿಗೇ ಮುಜುಗರವಾಗುತ್ತೆ ಪಾಪ” ಎಂದು ಇನ್ನೊಬ್ಬರು. ಕೊನೆಗೆ ಇಬ್ಬರ ಬದಲು ಒಬ್ಬರು, ಸದಸ್ಯೆಯ ಬದಲು ‘ವಿಶೇಷ ಆಹ್ವಾನಿತೆ’, ಮತ ಹಾಕುವ ಹಕ್ಕಿಲ್ಲ ಎಂದು ತೀರ್ಮಾನವಾಯಿತು. ನನಗೆ ಅಳು ಬರುವಷ್ಟು ಬೇಸರ. ಟೀಚರು ಮಾತ್ರ, “ಬಿಡೀ ಅಕ್ಕಾ, ಬಾಯಿಗೇನೂ ಬೀಗ ಹಾಕಿಲ್ಲವಲ್ಲ” ಎಂದರು.

ಮೊದಲ ಸಭೆಯಲ್ಲಿ ಅವರು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ವಿದ್ಯಾರ್ಥಿವೇತನದ ಸಮಾರಂಭದ ಮಾತು ಬಂತು. ಅತಿಥಿಗಳ ದಿನಾಂಕ ಆ ಸಲವೂ ಸಿಕ್ಕಿರಲಿಲ್ಲ. ಟೀಚರು ಎದ್ದು ನಿಂತರು. “ಕೂತೇ ಹೇಳಿ” ಎಂದರು ಅಧ್ಯಕ್ಷೆ. ಅವರು ಕೂರಲಿಲ್ಲ.

“ಅಮ್ಮಾ, ಚೆಕ್ಕನ್ನ ಕಾಲೇಜಿನ ಹೆಸರಿಗೇ ಬರೆದು ಈಗಲೇ ಕಟ್ಟಿಬಿಡಿ. ಫಂಕ್ಷನ್ ಯಾವತ್ತು ಬೇಕಾದ್ರೂ ಮಾಡ್ಕೊಳ್ಳಿ. ಸ್ಟೇಜ್ ಮೇಲೆ ಖಾಲಿ ಕವರ್ ಕೊಟ್ರೂ ಫೋಟೋದಲ್ಲಿ ಗೊತ್ತಾಗಲ್ಲ.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅಧ್ಯಕ್ಷೆಯೇ ಮೊದಲು ನಕ್ಕರು. ಅಂದಿನಿಂದ ನಮ್ಮಲ್ಲಿ ಫೀಸು ಮೊದಲು, ಸಮಾರಂಭ ಆಮೇಲೆ. ಪ್ರತಿಷ್ಠಾನ ಹುಟ್ಟಿದಾಗಿನಿಂದ ನಮಗೆ ಯಾರಿಗೂ ಹೊಳೆಯದ ಉಪಾಯ ಅವರಿಗೆ ಎರಡು ನಿಮಿಷದಲ್ಲಿ ಹೊಳೆದದ್ದಲ್ಲ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಕೇಳುವವರಿರಲಿಲ್ಲ.

ನಡಾವಳಿ ಪುಸ್ತಕದಲ್ಲಿ ಆ ಠರಾವಿನ ಮುಂದೆ, ಸೂಚಿಸಿದವರು ಎಂಬಲ್ಲಿ, ಟೀಚರ ಪೂರ್ತಿ ಹೆಸರನ್ನು ಬರೆದೆ. ಮತವಿಲ್ಲದವರು ಠರಾವು ಸೂಚಿಸುವಂತಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದಿತ್ತು. ಯಾರೂ ಆಕ್ಷೇಪಿಸಲಿಲ್ಲ. ಮುಂದಿನ ವರ್ಷದ ಗ್ರೂಪ್ ಫೋಟೋದಲ್ಲಿ ಟೀಚರು ನನ್ನ ಪಕ್ಕ, ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ. ಆ ಫೋಟೋ ಈ ಸಂಚಿಕೆಯಲ್ಲಿಲ್ಲ. ಇದರಲ್ಲಿರುವುದು ಕುರ್ಚಿಗಳು ಮತ್ತು ನಾನು ಬರೆದ ಆ ‘ಒಬ್ಬರು ಗೈರುಹಾಜರು’.

ಸಂಚಿಕೆಯನ್ನು ರದ್ದಿಗೆ ಹಾಕಲಿಲ್ಲ. ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ ತೆಗೆದು ನೋಡಿ. ಫೋಟೋದಲ್ಲಿ ಯಾರಿದ್ದಾರೆಂದು ಕೆಳಗೆ ಬರೆದೇ ಇರುತ್ತದೆ. ಫೋಟೋಗ್ರಾಫರನ ಹಿಂದೆ ಯಾರು ನಿಂತಿದ್ದರು ಎಂಬುದನ್ನು ಮಾತ್ರ ನಾವೇ ನೆನಪಿಸಿಕೊಳ್ಳಬೇಕು.