‘ಲೋಕದ ಕಾಳಜಿ’: ಹಾಡು ನಿಂತಲ್ಲಿಂದ ಶುಭಸಂದೇಶಕ್ಕೆ

ಸಂತ ಶಿಶುನಾಳ ಷರೀಫರ (1819–1889) ತತ್ತ್ವಪದಗಳು ಇಂದು ನಮ್ಮ ಯುವಜನರನ್ನು ತಲುಪುತ್ತಿರುವುದು ಏಕತಾರಿಗಿಂತ ಹೆಚ್ಚಾಗಿ ಗಿಟಾರಿನ ಮೂಲಕ. ರಘು ದೀಕ್ಷಿತ್ ತಮ್ಮ ತಂಡದೊಡನೆ 2013ರ ‘ಜಗ್ ಚಂಗಾ’ ಧ್ವನಿಸಂಪುಟದಲ್ಲಿ ಹಾಡಿದ ‘ಲೋಕದ ಕಾಳಜಿ’ ಇದಕ್ಕೆ ನಿದರ್ಶನ. ಲೋಕದ ಭಾರವನ್ನೆಲ್ಲ ಹೊತ್ತವನಂತೆ ಮಾತನಾಡುವ ಮನುಷ್ಯನನ್ನು ಈ ಪದ ಗೇಲಿ ಮಾಡುತ್ತದೆ. ಅವನದು ಗಳಿಗೆಯ ಸಂತೆ. ಆದರೂ ಮಹಡಿ ಕಟ್ಟುವ, ಅಂಬಾರಿ ಏರುವ ಬಯಕೆ. ಕೊನೆಗೆ ಇಳಿಯಬೇಕಾದ ಮಣ್ಣಿನ ನೆನಪೇ ಇಲ್ಲ.

ಚನ್ನಗಿರಿಯಲ್ಲಿ ನಡೆದ ಯುವಶಿಬಿರವೊಂದಕ್ಕಾಗಿ ಈ ಹಾಡನ್ನು ಗಿಟಾರಿನಲ್ಲಿ ನುಡಿಸಲು ಒಬ್ಬ ಗುರು ಅಭ್ಯರ್ಥಿಯಿಂದ ಕಲಿತೆ. ಬಲಗೈ ಅವಸರಪಟ್ಟರೆ ಗೇಲಿಯಷ್ಟೇ ಕೇಳುತ್ತದೆ. ಲಯವನ್ನು ತುಸು ತಡೆದರೆ ಗೇಲಿಯೊಳಗಿನ ಮರುಕವೂ ಕೇಳುತ್ತದೆ. ಆ ಮರುಕವೇ ನನಗೆ ಪ್ರಬೋಧನೆಯ ದಾರಿ ತೋರಿತು. ನಾಳೆಯ ಚಿಂತೆ ಬೇಡವೆನ್ನುವ ಯೇಸುಸ್ವಾಮಿಯ ಬೋಧನೆಯನ್ನೇ (ಮತ್ತಾಯ 6:25–34) ಷರೀಫರೂ ಹೇಳಿದ್ದಾರೆಂದು ಸುಲಭವಾಗಿ ಸಮೀಕರಿಸಿಬಿಟ್ಟೆ.

ಶಿಬಿರಕ್ಕೆ ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದಲೂ ಯುವಕರು ಬಂದಿದ್ದರು. ಪ್ರಬೋಧನೆ ಮುಗಿದಾಗ ಜಗಳೂರಿನ ಹುಡುಗನೊಬ್ಬ ಕೇಳಿದ: “ಫಾದರ್, ನಮ್ಮಪ್ಪ ಮಳೆ ಬರಲಿಲ್ಲ ಅಂತ ಚಿಂತಿ ಮಾಡ್ತಾರೆ. ಅದೂ ತಪ್ಪಾ?” ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅಡಕೆಗೆ ಬೆಲೆ ಬಂದ ವರ್ಷ ಮನೆಯ ಮೇಲೊಂದು ಮಹಡಿ ಏಳುವ ಚನ್ನಗಿರಿಯಲ್ಲಿ ಈ ಹಾಡು ಎಚ್ಚರಿಕೆ. ಬರಕ್ಕೆ ಮತ್ತೆ ಮತ್ತೆ ತುತ್ತಾಗುವ ಜಗಳೂರಿನಲ್ಲಿ ಅದೇ ಹಾಡನ್ನು ಅದೇ ದನಿಯಲ್ಲಿ ಬೋಧಿಸಿದರೆ ಅದು ಬಡವನ ಮೇಲಿನ ಗೇಲಿಯಾದೀತು.

ನನ್ನ ತಪ್ಪು ತಿಳಿದದ್ದು ಸಂತ ಲೂಕರ 12ನೆಯ ಅಧ್ಯಾಯವನ್ನು ಮತ್ತೆ ಓದಿದಾಗ. ಅಲ್ಲಿ ಎರಡು ಮಾತುಗಳಿವೆ. ಮೊದಲನೆಯದು ಕಣಜ ಕೆಡವಿ ದೊಡ್ಡದನ್ನು ಕಟ್ಟಹೊರಟ ಸಿರಿವಂತನ ಸಾಮತಿ. ಆ ರಾತ್ರಿಯೇ ಅವನ ಪ್ರಾಣ ಹೋಗಲಿತ್ತು. ಜನಸಮೂಹಕ್ಕೆ ಹೇಳಿದ ಈ ಸಾಮತಿಗೆ ಷರೀಫರ ಪದ ನಿಜಕ್ಕೂ ಹತ್ತಿರ. ಎರಡರಲ್ಲೂ ಮರಣವೇ ಗುರು. ಎರಡನೆಯದು, ಚಿಂತೆ ಬೇಡವೆಂದು ಶಿಷ್ಯರಿಗೆ ಹೇಳಿದ ಮಾತು. ಅದರ ಆಧಾರ ಮರಣವಲ್ಲ, ಮಕ್ಕಳಿಗೆ ಏನು ಬೇಕೆಂದು ಬಲ್ಲ ತಂದೆ. ಜಗಳೂರಿನ ರೈತನಿಗೆ ಸಲ್ಲಬೇಕಾದದ್ದು ಈ ಎರಡನೆಯ ಮಾತು. ನಾನು ಅವನಿಗೆ ಮೊದಲನೆಯದನ್ನು ಕೊಟ್ಟಿದ್ದೆ. ಅದರ ಬೆನ್ನಲ್ಲೇ ಇರುವುದನ್ನು ಮಾರಿ ದಾನಮಾಡಿರೆಂಬ ಆಜ್ಞೆಯೂ ಇದೆ (12:33). ಒಬ್ಬನ ಚಿಂತೆ ಇಳಿಯಬೇಕಾದರೆ ಇನ್ನೊಬ್ಬ ಅವನ ಕಾಳಜಿ ವಹಿಸಬೇಕು.

ಇಲ್ಲಿ ನಮ್ಮ ಭಾಷೆಯೇ ನೆರವಾಗುತ್ತದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಮೆರಿಮ್ನ’ ಎಂಬ ಒಂದೇ ಪದ ಎರಡೂ ಅರ್ಥಗಳನ್ನು ಹೊರುತ್ತದೆ. ಯಾವುದಕ್ಕೂ ಚಿಂತಿಸಬೇಡಿರೆಂದು ಫಿಲಿಪ್ಪಿಯರಿಗೆ ಬರೆದ ಸಂತ ಪೌಲರೇ (4:6) ಧರ್ಮಸಭೆಗಳೆಲ್ಲದರ ಬಗೆಗಿನ ತಮ್ಮ ನಿತ್ಯದ ಭಾರವನ್ನು ಅದೇ ಪದದಿಂದ ಹೆಸರಿಸುತ್ತಾರೆ (2 ಕೊರಿಂಥ 11:28). ಕನ್ನಡದಲ್ಲಿ ‘ಚಿಂತೆ’ ಮತ್ತು ‘ಕಾಳಜಿ’ ಬೇರೆ ಬೇರೆ. ಕಾಳಜಿಯ ಹೆಸರಿನಲ್ಲಿ ತನ್ನದೇ ಚಿಂತೆ ಮಾಡುವವನನ್ನು ಷರೀಫರು ಹಿಡಿದು ನಿಲ್ಲಿಸುತ್ತಾರೆ. ಸೇವೆಯ ಹೆಸರಿನಲ್ಲಿ ಕಟ್ಟಡ, ಸ್ಥಾನಮಾನಗಳ ಚಿಂತೆಯಲ್ಲಿರುವ ಗುರುಗಳಾದ ನಮಗೂ ಆ ಗೇಲಿ ತಾಗಬೇಕು.

ಒಂದು ಎಚ್ಚರಿಕೆ ಅಗತ್ಯ. ಇಂಥ ಪದಗಳ ಅಂಕಿತ ತೆಗೆದು ಯೇಸುವಿನ ಹೆಸರಿಟ್ಟು ಧ್ಯಾನಕೂಟಗಳಲ್ಲಿ ಹಾಡುವ ಆಸೆ ನಮಗಾಗುತ್ತದೆ, ನನಗೂ ಆಗಿತ್ತು. ಷರೀಫರಿಗೆ ಅವರದೇ ಆಶ್ರಯವಿದೆ: ಗುರು ಗೋವಿಂದಭಟ್ಟರು ಮತ್ತು ಶಿಶುನಾಳಾಧೀಶ. ಅಥೆನ್ಸಿನಲ್ಲಿ ಸಂತ ಪೌಲರು ಗ್ರೀಕ್ ಕವಿಯ ಮಾತನ್ನು ಬಳಸಿದಾಗ ಅದು ಕೇಳುಗರ ಕವಿಗಳದ್ದೆಂದೇ ಒಪ್ಪಿಕೊಂಡರು (ಪ್ರೇ.ಕಾ. 17:28). ಇತರ ಧರ್ಮಗಳಲ್ಲಿನ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಿರಸ್ಕರಿಸದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ತಿರಸ್ಕರಿಸದಿರುವುದು ಒಂದು, ಕಿತ್ತುಕೊಳ್ಳುವುದು ಇನ್ನೊಂದು.

ಆದ್ದರಿಂದ ಈಗ ಹಾಡನ್ನು ಷರೀಫರ ಹೆಸರಿನಲ್ಲೇ ಪೂರ್ತಿ ಹಾಡುತ್ತೇವೆ. ಗಿಟಾರನ್ನು ಕೆಳಗಿಟ್ಟ ಮೇಲೆ ಲೂಕರ ಶುಭಸಂದೇಶವನ್ನು ಓದುತ್ತೇವೆ, ಸಿರಿವಂತನ ಸಾಮತಿಗೆ ನಿಲ್ಲದೆ ತಂದೆಯ ಮಾತಿನವರೆಗೆ.