ಸ್ವಲೀನತೆಗೆ ಪಥ್ಯ: ಒಂದು ಪರಿಶೀಲನೆ

ಜಗಳೂರು ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಒಂದು ಮುದ್ರಿತ ಹಾಳೆ ತಂದು ತೋರಿಸಿದರು. ಅವರ ಐದು ವರ್ಷದ ಮಗನಿಗೆ ಸ್ವಲೀನತೆ, ಅಂದರೆ ಆಟಿಸಂ ಇದೆ. ಗೋಧಿ, ಹಾಲು, ಮೊಸರು ಬಿಡಿಸಿದರೆ ಮೂರು ತಿಂಗಳಲ್ಲಿ ಮಗು ಮಾತನಾಡುತ್ತದೆ ಎಂದು ಅದರಲ್ಲಿತ್ತು. ‘ಸಾರ್, ಇದು ನಿಜವೇ?’ ಎಂದರು. ನಾನು ವೈದ್ಯನಲ್ಲ. ಆದರೆ ಈ ಹೇಳಿಕೆ ಯಾವ ಪರೀಕ್ಷೆಗೆ ಒಳಗಾಗಿದೆ ಎಂದು ಕೇಳುವುದು ಭೌತಶಾಸ್ತ್ರದ ಮೇಷ್ಟ್ರಿಗೂ ಸಾಧ್ಯ.

ಸ್ವಲೀನತೆಗೂ ಮಿದುಳಿನ ಅಫೀಮಿನಂಥ ರಾಸಾಯನಿಕಗಳಿಗೂ ನಂಟಿರಬಹುದೆಂದು 1979ರಲ್ಲಿ ಪಾಂಕ್ಸೆಪ್ ಊಹಿಸಿದರು. ಗೋಧಿಯ ಗ್ಲೂಟೆನ್, ಹಾಲಿನ ಕೇಸೀನ್ ಎಂಬ ಪ್ರೋಟೀನುಗಳು ಅರೆಬರೆ ಜೀರ್ಣವಾಗಿ ಅಂಥ ತುಣುಕುಗಳನ್ನು ರಕ್ತಕ್ಕೆ ಸೇರಿಸುತ್ತವೆ ಎಂಬ ವಾದ ಅದರಿಂದ ಬೆಳೆಯಿತು. ವಾದ ಸೊಗಸಾಗಿದೆ. ಆದರೆ 2008ರಲ್ಲಿ ಪ್ರಕಟವಾದ ಬ್ರಿಟಿಷ್ ಅಧ್ಯಯನವೊಂದು ಸ್ವಲೀನ ಬಾಲಕರ ಮೂತ್ರದಲ್ಲಿ ಇಂಥ ತುಣುಕುಗಳನ್ನು ಹುಡುಕಿತು, ಸಿಗಲಿಲ್ಲ.

ಇನ್ನು ಪಥ್ಯದ ಫಲ. ಅಮೆರಿಕದ ರೋಚೆಸ್ಟರ್‌ನಲ್ಲಿ ನಡೆದ, 2016ರಲ್ಲಿ ಅಚ್ಚಾದ ಪ್ರಯೋಗದಲ್ಲಿ 14 ಮಕ್ಕಳನ್ನು ಮೊದಲು ಕಟ್ಟುನಿಟ್ಟಾದ ಪಥ್ಯದಲ್ಲಿಟ್ಟರು. ಬಳಿಕ ಗ್ಲೂಟೆನ್, ಕೇಸೀನ್, ಎರಡೂ ಇರುವ ಅಥವಾ ಎರಡೂ ಇಲ್ಲದ ತಿಂಡಿಗಳನ್ನು ಕೊಟ್ಟರು. ಯಾವ ದಿನ ಯಾವುದೆಂದು ಪೋಷಕರಿಗೂ ತಿಳಿದಿರಲಿಲ್ಲ, ವೀಕ್ಷಕರಿಗೂ ತಿಳಿದಿರಲಿಲ್ಲ. ವರ್ತನೆ, ನಿದ್ರೆ, ಮಲವಿಸರ್ಜನೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಚಿಕ್ಕದು, ನಿಜ. ಆದರೆ ‘ಮೂರು ತಿಂಗಳಲ್ಲಿ ಮಾತು’ ಎನ್ನುವ ಹಾಳೆಗೆ ಅಷ್ಟೂ ಆಧಾರವಿಲ್ಲ.

ಹಾಗಾದರೆ ‘ನಮ್ಮ ಮಗು ಸುಧಾರಿಸಿತು’ ಎನ್ನುವ ತಾಯಂದಿರು ಸುಳ್ಳು ಹೇಳುತ್ತಾರೆಯೇ? ಖಂಡಿತ ಇಲ್ಲ. 1999ರಲ್ಲಿ ಸೆಕ್ರೆಟಿನ್ ಎಂಬ ಜೀರ್ಣಾಂಗದ ಹಾರ್ಮೋನನ್ನು ಕೆಲವು ಸ್ವಲೀನ ಮಕ್ಕಳಿಗೂ, ಬರಿಯ ಉಪ್ಪುನೀರನ್ನು ಉಳಿದವರಿಗೂ ಚುಚ್ಚಿ ಹೋಲಿಸಿದಾಗ ಎರಡೂ ಗುಂಪುಗಳು ಸುಧಾರಿಸಿದಂತೆ ಕಂಡವು! ಮಗು ಬೆಳೆಯುತ್ತಿರುತ್ತದೆ, ತರಬೇತಿ ನಡೆದಿರುತ್ತದೆ, ಮನೆಯವರ ಗಮನ ಹೆಚ್ಚಿರುತ್ತದೆ. ವೋಲ್ಟೇಜನ್ನೂ ತಂತಿಯನ್ನೂ ಒಟ್ಟಿಗೆ ಬದಲಿಸಿದ ವಿದ್ಯಾರ್ಥಿ ವಿದ್ಯುತ್ ಪ್ರವಾಹ ಏಕೆ ಹೆಚ್ಚಿತೆಂದು ಹೇಳಲಾರ. ಇದೂ ಹಾಗೆಯೇ.

ಈ ಹಾಳೆ ನಮ್ಮ ಸೀಮೆಯ ಊಟವನ್ನೂ ಗಮನಿಸಿಲ್ಲ. ಜಗಳೂರಿನ ರಾಗಿಮುದ್ದೆ, ಜೋಳದ ರೊಟ್ಟಿಗಳಲ್ಲಿ ಗ್ಲೂಟೆನ್ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಅನ್ನದಲ್ಲೂ ಇಲ್ಲ. ಗೋಧಿ ಬಿಟ್ಟರೆ ಇಲ್ಲಿ ನಿಲ್ಲುವುದು ಬಿಸ್ಕತ್ತು, ಬನ್ನು, ಚಪಾತಿ, ಉಪ್ಪಿಟ್ಟು. ನಷ್ಟವಿರುವುದು ಹಾಲಿನಲ್ಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಲ್ಲ ಎನ್ನಬಹುದು. ಆದರೆ ಅನೇಕ ಸ್ವಲೀನ ಮಕ್ಕಳು ಬಣ್ಣ, ವಾಸನೆ, ಮೆದುತನ ನೋಡಿ ನಾಲ್ಕೈದು ಪದಾರ್ಥಗಳನ್ನು ಮಾತ್ರ ಮುಟ್ಟುತ್ತಾರೆ. ಮುದ್ದೆ ಒಲ್ಲದೆ ಮೊಸರನ್ನವನ್ನಷ್ಟೇ ಉಣ್ಣುವ ಮಗುವಿಗೆ ಮೊಸರನ್ನೂ ತಪ್ಪಿಸಿದರೆ ಉಳಿಯುವುದೇನು? ಬರಿ ಅನ್ನ.

ಆಹಾರ ಮುಖ್ಯವಲ್ಲವೆಂದು ಇದರ ಅರ್ಥವಲ್ಲ. ಮಲಬದ್ಧತೆ, ಹೊಟ್ಟೆನೋವು, ರಕ್ತಹೀನತೆಗಳು ಮಾತು ಬಾರದ ಮಗುವನ್ನು ಹಠಮಾರಿಯಂತೆ ತೋರಿಸಬಲ್ಲವು, ಇವಕ್ಕೆ ಚಿಕಿತ್ಸೆಯಿದೆ. ಸೀಲಿಯಾಕ್ ರೋಗ ಅಥವಾ ಹಾಲಿನ ಅಲರ್ಜಿ ಇದ್ದರೆ ಪಥ್ಯ ಬೇಕೇ ಬೇಕು. ಆದರೆ ಸೀಲಿಯಾಕ್ ಪರೀಕ್ಷೆಯನ್ನು ಗೋಧಿ ಬಿಡಿಸುವ ಮೊದಲೇ ಮಾಡಿಸಬೇಕು. ಬಿಡಿಸಿದ ಮೇಲೆ ಫಲಿತಾಂಶ ತಪ್ಪಾಗಬಹುದು.

ಆ ಹಾಳೆಯ ಹಿಂಬದಿ ಖಾಲಿಯಿತ್ತು. ಒಂದು ವಾರ ಮಗು ನಿಜವಾಗಿ ಏನೇನು ತಿಂದಿತೆಂದು ಅಲ್ಲಿ ಬರೆದು ಮಕ್ಕಳ ತಜ್ಞರಿಗೆ ತೋರಿಸಿ ಎಂದೆ. ಮುಂಬದಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬಂದೀತು.